ಕೀಲೆಣ್ಣೆ

ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿದೆ. ನಡುರಾತ್ರಿ ಕಳೆದಿದೆ. ಚಂಡೆಯ ಪೆಟ್ಟು ಬಿರುಸಾಗುತ್ತಿದ್ದಂತೆ ಅಭಿಮನ್ಯುವಿನ ವೇಷಧಾರಿ ಥಟ್ಟನೆ ಎರಡೂ ಮೊಣಕಾಲುಗಳನ್ನು ನೆಲಕ್ಕೂರಿ, ಅವುಗಳ ಮೇಲೆಯೇ ಬುಗುರಿಯಂತೆ ಸುತ್ತುತ್ತ ರಂಗವನ್ನೆಲ್ಲ ಬಳಸುತ್ತಾನೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಇದಕ್ಕೆ ‘ಮಂಡಿ’ ಎಂದು ಹೆಸರು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ಕುಣಿತವನ್ನು ಕಾಣದ ಮಕ್ಕಳು ವಿರಳ. ಈ ತಿಟ್ಟಿನ ಎರಡು ಪ್ರಸಿದ್ಧ ಶೈಲಿಗಳಿಗೆ ಬ್ರಹ್ಮಾವರದ ಸಮೀಪದ ಹಾರಾಡಿ, ಮಟಪಾಡಿ ಎಂಬ ಊರುಗಳ ಹೆಸರೇ ನಿಂತಿದೆ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಕ್ಷೇತ್ರಗಳ ಮೇಳಗಳು ದೀಪಾವಳಿಯ ಅನಂತರ ಹೊರಟರೆ ಮಳೆಗಾಲ ಸಮೀಪಿಸುವವರೆಗೂ ತಿರುಗಾಟದಲ್ಲಿರುತ್ತವೆ. ಅಷ್ಟು ಕಾಲ ವೇಷಧಾರಿಯ ಮೊಣಕಾಲು ಈ ಪೆಟ್ಟನ್ನು ತಾಳುವುದು ಹೇಗೆ?

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಗಾಲಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ದೇಹದ ಕೀಲುಗಳಿಗೂ ಇಂಥದೊಂದು ಎಣ್ಣೆಯುಂಟು; ಆದರೆ ಅದನ್ನು ಹೊರಗಿನಿಂದ ಯಾರೂ ಹಾಕಬೇಕಾಗಿಲ್ಲ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಕೀಲನ್ನು ಸುತ್ತುವರಿದ ಚೀಲದ ಒಳಪೊರೆಯು ರಕ್ತದ ದ್ರವಾಂಶವನ್ನು ಸೋಸಿ, ಅದಕ್ಕೆ ಹಯಲುರಾನಿಕ್ ಆಮ್ಲವೆಂಬ ಲೋಳೆಯಂಥ ವಸ್ತುವನ್ನು ಬೆರೆಸುತ್ತದೆ. ಹೀಗೆ ಉಂಟಾದುದೇ ಕೀಲುರಸ. 16ನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ಇದಕ್ಕಿಟ್ಟ ‘ಸೈನೋವಿಯಾ’ ಎಂಬ ಹೆಸರಿನಲ್ಲಿ ಮೊಟ್ಟೆಯ ಲೋಳೆಯ ಹೋಲಿಕೆ ಅಡಗಿದೆ. ಆರೋಗ್ಯವಂತನ ಮೊಣಕಾಲಿನಲ್ಲಿ ಇದು ಸಾಮಾನ್ಯವಾಗಿ 4 ಮಿಲಿಲೀಟರಿಗಿಂತ ಹೆಚ್ಚಿರದು. ಒಂದು ಟೀ ಚಮಚವೂ ತುಂಬದು! ಇಷ್ಟು ಅಲ್ಪವಾದ ರಸದ ಗುಣವೇ ವಿಚಿತ್ರ. ಕಾಲು ನಿಧಾನವಾಗಿ ಚಲಿಸುವಾಗ ಮಂದವಾಗಿರುವ ಅದು, ವೇಗ ಹೆಚ್ಚಿದಂತೆ ತೆಳುವಾಗಿ ಚಲನೆಗೆ ದಾರಿ ಬಿಡುತ್ತದೆ; ಹಠಾತ್ತನೆ ಪೆಟ್ಟು ಬಿದ್ದರೆ ರಬ್ಬರಿನಂತೆ ಸ್ಥಿತಿಸ್ಥಾಪಕವಾಗಿ ವರ್ತಿಸುತ್ತದೆ.

ಮಂಡಿ ಹಾಕುವಾಗ ನೆಲಕ್ಕೆ ತಾಗುವ ಭಾಗಕ್ಕೆ ಬೇರೊಂದು ರಕ್ಷಣೆಯಿದೆ. ಮೊಣಕಾಲ ಚಿಪ್ಪಿಗೂ ಚರ್ಮಕ್ಕೂ ನಡುವೆ ತೆಳುವಾದ ದ್ರವವುಳ್ಳ ಒಂದು ಪುಟ್ಟ ಚೀಲವಿದೆ. ಚರ್ಮವು ಮೂಳೆಯ ಮೇಲೆ ತಿಕ್ಕದೆ ಜಾರುವಂತೆ ಮಾಡುವುದು ಇದರ ಕೆಲಸ. ಮೇಲಿಂದ ಮೇಲೆ ಪೆಟ್ಟು ಬಿದ್ದಾಗ ಈ ಚೀಲ ಕೆರಳಿ, ದ್ರವ ಹೆಚ್ಚಿ, ಚಿಪ್ಪಿನ ಮುಂದೆ ಬಾವು ಕಾಣಿಸಿಕೊಳ್ಳುತ್ತದೆ. ‘ಕೆಟ್ಟ ನೀರು ತುಂಬಿತು’ ಎಂದು ಜನರು ಹೇಳುವುದುಂಟು. ಅನೇಕ ವೇಳೆ ಅದು ಪೆಟ್ಟು ತಿಂದ ಅಂಗವು ತನ್ನ ರಕ್ಷಣೆಗಾಗಿ ಸುರಿಸಿದ ದ್ರವವೇ ಆಗಿರುತ್ತದೆ. ಆದರೆ ಬಾವು ಬಿಸಿಯಾಗಿ ಕೆಂಪೇರಿ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಸ್ನಾಯುಗಳಿಗೂ ದ್ರವಕ್ಕೂ ಇರುವ ನಂಟು ಇನ್ನೊಂದು ಬಗೆಯದು. ಸ್ನಾಯುವಿನ ತೂಕದ ಸುಮಾರು ಮುಕ್ಕಾಲು ಪಾಲು ನೀರೇ. ಮೀನಖಂಡದ ಸ್ನಾಯುಗಳು ಬಿಗಿದು ಸಡಿಲುವಾಗ ಕಾಲಿನ ರಕ್ತವನ್ನೂ ದುಗ್ಧರಸವನ್ನೂ ಮೇಲಕ್ಕೆ ಒತ್ತುತ್ತವೆ. ರಾತ್ರಿಯಿಡೀ ಕಾಲು ಇಳಿಬಿಟ್ಟು ಆಟ ನೋಡುತ್ತ ಕುಳಿತವರ ಪಾದ ಬೆಳಗಿನ ಹೊತ್ತಿಗೆ ಊದಿಕೊಳ್ಳುವುದು ಈ ಒತ್ತುವಿಕೆ ನಿಂತುಹೋದುದರಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ದೊರೆಯುವುದು ಬಹುಮಟ್ಟಿಗೆ ಕೀಲುರಸದಿಂದಲೇ. ಮೈಭಾರ ಬಿದ್ದಾಗ ಅದು ಹಿಂಡಿದ ಸ್ಪಂಜಿನಂತೆ ದ್ರವವನ್ನು ಹೊರಬಿಟ್ಟು, ಭಾರ ಇಳಿದಾಗ ಮತ್ತೆ ಹೀರಿಕೊಳ್ಳುತ್ತದೆ. ಆದುದರಿಂದ ಚಲಿಸದ ಕೀಲು ಸೊರಗುತ್ತದೆ; ಕುಣಿತ ಕೀಲಿಗೆ ಶತ್ರುವೆಂದು ಹೇಳುವುದು ಸರಿಯಲ್ಲ. ಆದರೆ ರಕ್ತನಾಳಗಳಿಲ್ಲದ ಕಾರಣದಿಂದಲೇ ಒಮ್ಮೆ ಹರಿದ ಮೃದ್ವಸ್ಥಿ ಮೂಳೆಯಂತೆ ಸುಲಭವಾಗಿ ಕೂಡಿಕೊಳ್ಳದು. ಬಿದ್ದ ಪೆಟ್ಟು ಮಾಯುವ ಮೊದಲೇ ಮರುದಿನ ಮತ್ತೆ ಗೆಜ್ಜೆ ಕಟ್ಟಬೇಕಾದ ಕಲಾವಿದನ ಕಷ್ಟ ಇರುವುದು ಇಲ್ಲಿಯೇ. ಸಭಿಕರ ಚಪ್ಪಾಳೆ ಸುತ್ತುಗಳನ್ನು ಎಣಿಸುತ್ತದೆ, ಮೊಣಕಾಲನ್ನಲ್ಲ.

ಆಟ ಮುಗಿದು ಬೆಳಕು ಹರಿಯುತ್ತದೆ. ವೇಷ ಕಳಚಿ ಮಲಗಿದವನು ಮಧ್ಯಾಹ್ನ ಏಳುವಾಗ ಮೊಣಕಾಲು ಮರದಂತೆ ಬಿಗಿದಿರುತ್ತದೆ. ಗೋಡೆ ಹಿಡಿದು ನಿಂತು, ನಿಧಾನವಾಗಿ ನಾಲ್ಕು ಹೆಜ್ಜೆ ಇಡುತ್ತಾನೆ. ಐದನೆಯ ಹೆಜ್ಜೆಗೆ ಕೀಲು ಸಡಿಲಾಗತೊಡಗುತ್ತದೆ.