‘ನೀವೇ ನೋಡಿ ಕೊಡಿ’ ಅನ್ನಬೇಡ ಮಗಾ

ಕಾಪು ತಾಲೂಕಿನ ಶಂಕರಪುರದಲ್ಲಿ ಮಲ್ಲಿಗೆಯ ಕಟ್ಟೆ ಇರುವುದು ನಿನಗೆ ಗೊತ್ತು. ಬೆಳಕು ಹರಿಯುವ ಹೊತ್ತಿಗೆ ಕೊಯ್ದ ಮೊಗ್ಗನ್ನು ಮನೆಯ ಹೆಂಗಸರು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮದುವೆ, ನೇಮ, ಹಬ್ಬಗಳು ಒಟ್ಟಿಗೆ ಬಂದಾಗ ಅಟ್ಟೆಗೆ 2,000 ರೂಪಾಯಿ ದಾಟಿದ್ದೂ ಇದೆ, ಕೇಳುವವರಿಲ್ಲದ ದಿನ ತೀರಾ ಕೆಳಗಿಳಿದದ್ದೂ ಇದೆ. ಏರಿದರೂ ಇಳಿದರೂ ಹೂ ಕಟ್ಟಿದ ಹೆಂಗಸು ಯಾರ ಮುಂದೆಯೂ ತಲೆ ತಗ್ಗಿಸಿ ‘ಏನಾದರೂ ಕೊಡಿ’ ಎಂದು ನಿಲ್ಲಬೇಕಾಗಿಲ್ಲ. ದರ ಇಷ್ಟು ಎಂದು ಎಲ್ಲರಿಗೂ ಗೊತ್ತಿರುತ್ತದೆ.

ನೀನು ಮಾಡುತ್ತಿರುವುದು ಅದಕ್ಕೆ ತೀರಾ ಉಲ್ಟಾ. ಮಣಿಪಾಲದ ಬಾಡಿಗೆ ರೂಮಿನಲ್ಲಿ ಕೂತು ವೆಬ್‌ಸೈಟ್ ಮಾಡುವ, ಮದುವೆಯ ವೀಡಿಯೊ ಎಡಿಟ್ ಮಾಡುವ, ಪುಸ್ತಕಕ್ಕೆ ಮುಖಪುಟ ಮಾಡುವ, ಪದಕ್ಕಿಷ್ಟು ಎಂದು ಅನುವಾದ ಮಾಡುವ ಎಷ್ಟೋ ಮಕ್ಕಳನ್ನು ನಾನು ನೋಡುತ್ತಿದ್ದೇನೆ. ಉಡುಪಿಯಲ್ಲಿ ಅಂಗಡಿ, ಪ್ರೆಸ್ಸುಗಳ ಲೆಕ್ಕ ಬರೆದೇ ತಲೆ ಹಣ್ಣಾದವನು ನಾನು. ನಿಮ್ಮಂಥವರ ಬಿಲ್ಲು ಕೈಗೆ ಬಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೆಲಸ ಚೊಕ್ಕ ಇರುತ್ತದೆ, ಮೊತ್ತ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಕೇಳಿದರೆ ಒಂದೇ ಉತ್ತರ: ‘ಎಷ್ಟು ಹೇಳುವುದು ಅಂತ ಗೊತ್ತಾಗಲಿಲ್ಲ, ನೀವೇ ನೋಡಿ ಕೊಡಿ ಅಂದೆ.’

ಆ ಮಾತನ್ನು ಇವತ್ತಿನಿಂದ ಬಿಡು. ಅದು ವಿನಯದ ಮಾತು ಎಂದುಕೊಂಡಿದ್ದೀಯ. ಆದರೆ ನಿನ್ನ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಎಷ್ಟು ಬಾರಿ ತಿದ್ದಿದೆ, ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಎಂಬುದು ಕೊಡುವವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರ ತಲೆಗೆ ಲೆಕ್ಕ ಕಟ್ಟುವುದು ಅವರಿಗೂ ಕಷ್ಟ, ನಿನಗೂ ನಷ್ಟ.

ಧೈರ್ಯ ಎಲ್ಲಿಂದ ತರಲಿ ಎಂದು ಕೇಳುತ್ತೀಯ. ಮೊದಲು ಒಂದು ಹಾಳೆ ತೆಗೆದುಕೊಂಡು ಕೂತು ಬರೆ. ಮನೆಗೆ ತಿಂಗಳಿಗೆ 35,000 ಬೇಕು ಎಂದಿಟ್ಟುಕೊ, ವರ್ಷಕ್ಕೆ 4,20,000. ಲ್ಯಾಪ್‌ಟಾಪ್ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಸಾಫ್ಟ್‌ವೇರ್, ಇಂಟರ್ನೆಟ್, ಕರೆಂಟು ಸೇರಿ 80,000. ಆರೋಗ್ಯ ವಿಮೆ, ಉಳಿತಾಯ ಎಂದು ಒಂದು ಲಕ್ಷ. ಒಟ್ಟು ಆರು ಲಕ್ಷ. ಇನ್ನು ದಿನಗಳು. 365ರಲ್ಲಿ ಭಾನುವಾರ, ಹಬ್ಬ, ಜ್ವರ, ಮನೆಯ ಮದುವೆ-ಮುಂಜಿ ಎಲ್ಲ ಕಳೆದರೆ 280 ಉಳಿದರೆ ಹೆಚ್ಚು. ಅದರಲ್ಲೂ ಗಿರಾಕಿಯ ಜತೆ ಮಾತು, ಕೊಟೇಶನ್ ಕಳಿಸುವುದು, ಬಾಕಿಗೆ ಬೆನ್ನು ಹತ್ತುವುದು, ಹೊಸದನ್ನು ಕಲಿಯುವುದು ಸುಮಾರು ಅರ್ಧ ತಿನ್ನುತ್ತದೆ. ದುಡ್ಡು ಹುಟ್ಟುವ ದಿನ 150 ಎಂದಿಟ್ಟುಕೊ. ಆರು ಲಕ್ಷವನ್ನು 150ರಿಂದ ಭಾಗಿಸಿದರೆ ದಿನಕ್ಕೆ 4,000. ಮೂರು ದಿನ ಹಿಡಿಯುವ ಲೋಗೋಗೆ ನೀನು 4,000 ತೆಗೆದುಕೊಂಡರೆ ಉಳಿದ 8,000ವನ್ನು ನಿನ್ನ ಕಿಸೆಯಿಂದ ಗಿರಾಕಿಗೆ ಕೊಟ್ಟ ಹಾಗಾಯಿತು. ನಿನ್ನ ಮೊತ್ತಗಳು ಬೇರೆ ಇರಬಹುದು, ದಾರಿ ಇದೇ. ಈ ಹಾಳೆ ಮೇಜಿನ ಮೇಲಿದ್ದರೆ ಫೋನಿನಲ್ಲಿ ದರ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ.

ಎರಡನೆಯದು ನನಗೆ ಇನ್ನೂ ದೊಡ್ಡದಾಗಿ ಕಾಣುವ ವಿಷಯ. ನಿಮಗೊಂದು ಕಟ್ಟೆ ಇಲ್ಲ. ಒಂದೇ ಕೆಲಸ ಮಾಡುವ ನಾಲ್ಕು ಜನ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತೀರಿ, ಸಿನಿಮಾ ಮಾತಾಡುತ್ತೀರಿ, ಕ್ರಿಕೆಟ್ ಮಾತಾಡುತ್ತೀರಿ. ಯಾರು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ‘ನಿಮ್ಮ ಸ್ನೇಹಿತ ಇದರ ಅರ್ಧಕ್ಕೆ ಮಾಡಿಕೊಡುತ್ತಾನೆ’ ಎಂದು ಗಿರಾಕಿ ಹೇಳಿದಾಗ ಅದು ನಿಜವೋ ಸುಳ್ಳೋ ತಿಳಿಯದೆ ನೀನು ಇಳಿಯುತ್ತೀಯ, ಮರುದಿನ ಅದೇ ಮಾತು ಕೇಳಿ ಅವನೂ ಇಳಿಯುತ್ತಾನೆ. ತಿಂಗಳಿಗೊಮ್ಮೆ ಐದಾರು ಜನ ಸೇರಿ. ಯಾವ ಕೆಲಸಕ್ಕೆ ಎಷ್ಟು ಸಿಕ್ಕಿತು, ಯಾರು ಬಾಕಿ ಉಳಿಸಿಕೊಂಡರು, ಯಾರು ಸರಿಯಾಗಿ ಕೊಟ್ಟರು ಎಂದು ಬಿಚ್ಚಿ ಮಾತಾಡಿ. ಎಲ್ಲರೂ ಒಂದೇ ದರ ಹೇಳಬೇಕೆಂದಿಲ್ಲ, ಕೈಚಳಕ ಒಬ್ಬೊಬ್ಬರದು ಒಂದೊಂದು. ಆದರೆ ಪೇಟೆಯ ದರ ಗೊತ್ತಿದ್ದವನನ್ನು ಹೆದರಿಸುವುದು ಕಷ್ಟ.

ಕಡಿಮೆ ದರ ಒಂದು ಕಸುಬನ್ನು ಏನು ಮಾಡುತ್ತದೆ ಎಂಬುದನ್ನು ನಮ್ಮ ಕರಾವಳಿ ಕಣ್ಣಾರೆ ಕಂಡಿದೆ. ಉಡುಪಿ ಸೀರೆಯ ಮಗ್ಗಗಳು ಒಂದೊಂದೇ ನಿಂತದ್ದಕ್ಕೆ ಕಾರಣ ನೇಯ್ಗೆ ಕೆಟ್ಟದ್ದಲ್ಲ. ಕೂಲಿ ಸಾಲದೆ ನೇಕಾರರ ಮಕ್ಕಳು ಮಗ್ಗಕ್ಕೆ ಕೂರಲಿಲ್ಲ. 2016ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಬಂದಾಗ ಹೆಚ್ಚಿನ ನೇಕಾರರ ಸಂಘಗಳಲ್ಲಿ ಬೆರಳೆಣಿಕೆಯ ವಯಸ್ಸಾದವರೇ ಉಳಿದಿದ್ದರು. ಆಮೇಲೆ ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜತೆ ನಿಂತಿತು. ಸೀರೆಗೆ ನೇಯ್ದವರ ಹೆಸರಿನ ಚೀಟಿ ಬಂತು, ಇದು ಕೈಮಗ್ಗದ್ದು, ಇದಕ್ಕೆ ಇಷ್ಟು ಶ್ರಮ ಎಂದು ಕೊಳ್ಳುವವರಿಗೆ ತಿಳಿಸಿ ಹೇಳಿದರು. ಬೆಲೆ ಏರಿತು, ಕೂಲಿ ಏರಿತು, ಹೊಸಬರು ನೇಯ್ಗೆ ಕಲಿಯಲು ಬಂದರು. ಆ ಚೀಟಿಯನ್ನು ನೆನಪಿಟ್ಟುಕೊ. ನಿನ್ನ ಕೊಟೇಶನ್ನಿನಲ್ಲಿ ಬರೀ ಮೊತ್ತ ಬರೆದು ಕಳಿಸಬೇಡ. ಯಾರು ಮಾಡುತ್ತಾರೆ, ಏನೇನು ಮಾಡುತ್ತಾರೆ, ಎಷ್ಟು ದಿನ, ಎಷ್ಟು ಬಾರಿ ತಿದ್ದಿಕೊಡುತ್ತೀಯ ಎಂದು ಬರೆ.

‘ಇದು ಉಡುಪಿ, ಬೆಂಗಳೂರಲ್ಲ, ಇಲ್ಲಿ ಅಷ್ಟೆಲ್ಲ ಯಾರು ಕೊಡುತ್ತಾರೆ?’ ಎಂಬ ಮಾತು ನಿನ್ನ ಬಾಯಲ್ಲೂ ಕೇಳಿದ್ದೇನೆ. ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ 1996ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿ ಹೊರದೇಶದ ಕೆಲಸ ಹಿಡಿಯಿತು. ಊರಿನ ಹೆಸರು ಹೇಳಿ ನಿನ್ನ ದರವನ್ನು ನೀನೇ ಇಳಿಸಬೇಡ.

ಊರಿನ ಇನ್ನೊಂದು ತೊಡಕು ಮಾತ್ರ ನಿಜವಾದದ್ದು: ಬಳಗ. ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಸೋದರಮಾವನ ಅಂಗಡಿಯ ಬೋರ್ಡು, ಹರಕೆ ಬಯಲಾಟದ ಪೋಸ್ಟರು. ‘ನಮ್ಮವರೇ ಅಲ್ವಾ’ ಎನ್ನುವಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಬರಲೂಬಾರದು. ಹೀಗೆ ಮಾಡು. ದೇವರ ಕೆಲಸವನ್ನು ಸೇವೆ ಎಂದು ಮಾಡುವುದಾದರೆ ಪೂರ್ತಿ ಸೇವೆಯಾಗಿ ಮಾಡು. ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಕೆಳಗೆ ‘ಸೇವಾರ್ಥ’ ಎಂದು ಕಳೆದು, ಬಾಕಿ ಸೊನ್ನೆ ಎಂದು ತೋರಿಸು. ಅರ್ಧ ದರಕ್ಕೆ ಮಾತ್ರ ಒಪ್ಪಬೇಡ. ಅರ್ಧ ಕೊಟ್ಟವರು ಅದೇ ನಿನ್ನ ದರ ಎಂದು ಊರಿಗೆಲ್ಲ ಹೇಳುತ್ತಾರೆ, ಪಾಪ, ಒಳ್ಳೆಯದಾಗಲಿ ಎಂದೇ ಹೇಳುತ್ತಾರೆ. ವರ್ಷಕ್ಕೆ ಇಂಥ ಸೇವೆ ಎಷ್ಟು ಎಂಬುದನ್ನೂ ಆ ಲೆಕ್ಕದ ಹಾಳೆಯಲ್ಲೇ ಬರೆದಿಡು.

ಇಲ್ಲ ಎನ್ನುವ ಗಟ್ಟಿತನಕ್ಕೆ ಕೈಯಲ್ಲಿ ಸ್ವಲ್ಪ ಹಣ ಬೇಕು. ಬಾಡಿಗೆ ಕಟ್ಟಲು ನಾಳೆಯೇ ದುಡ್ಡು ಬೇಕಾದವನು ಯಾವ ದರಕ್ಕೂ ಹೂಂ ಅನ್ನುತ್ತಾನೆ, ಅವನನ್ನು ದೂರುವಂತಿಲ್ಲ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದ್ದು ಕಷ್ಟಕ್ಕೆ ಸಿಕ್ಕಿದ್ದ ನೇಕಾರರನ್ನು ಎತ್ತಲಿಕ್ಕೆ. 1928ರಲ್ಲಿ ಅದರ ಪಿಗ್ಮಿ ಉಳಿತಾಯ ಯೋಜನೆ ಬಂತು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ನೀನೂ ಬಂದ ಪ್ರತಿ ಬಿಲ್ಲಿನಿಂದ ಒಂದು ಪಾಲು ಬೇರೆ ಖಾತೆಗೆ ಹಾಕು. ನಾಲ್ಕು ತಿಂಗಳ ಖರ್ಚು ಕೂಡುವ ತನಕ ಅದನ್ನು ಮುಟ್ಟಬೇಡ. ಅದು ಕೂಡಿದ ಮೇಲೆ ನಿನ್ನ ದನಿಯೇ ಬೇರೆಯಾಗುತ್ತದೆ.

ಇನ್ನು ಹೇಳುವ ರೀತಿ. ‘ಈ ಕೆಲಸಕ್ಕೆ ನನ್ನ ದರ 18,000. ಅರ್ಧ ಮುಂಗಡ, ಉಳಿದದ್ದು ಕೆಲಸ ಕೊಡುವ ದಿನ.’ ಇಷ್ಟು ಹೇಳಿ ಸುಮ್ಮನಿರು. ಆಚೆಯವರು ಮಾತಾಡದಿದ್ದರೆ ನೀನೇ ಗಾಬರಿಬಿದ್ದು ‘ಹದಿನೈದಾದರೂ ಪರವಾಗಿಲ್ಲ’ ಎನ್ನಬೇಡ. ಹೆಚ್ಚಾಯಿತು ಎಂದರೆ ಕೆಲಸ ಕಡಿಮೆ ಮಾಡು: ಹತ್ತು ಪುಟದ ಬದಲು ಆರು ಪುಟ, ಮೂರು ವಿನ್ಯಾಸದ ಬದಲು ಒಂದು. ಅದೇ ಕೆಲಸವನ್ನು ಕಡಿಮೆಗೆ ಒಪ್ಪಿದರೆ ಮೊದಲು ಹೇಳಿದ ದರ ಸುಳ್ಳು ಎಂದಾಗುತ್ತದೆ. ಹೊಸ ದರವನ್ನು ಮೊದಲು ಹೊಸ ಗಿರಾಕಿಗೆ ಹೇಳಿ ನೋಡು. ಹಳಬರಿಗೆ ಎರಡು ತಿಂಗಳು ಮೊದಲೇ ತಿಳಿಸು, ಏಪ್ರಿಲ್ 1ರಿಂದ ಎಂದು ತಾರೀಕು ಹಾಕು, ಕ್ಷಮೆ ಕೇಳಬೇಡ. ದರ ಏರಿಸಿದ ಮೇಲೆ ಹೇಳಿದ ದಿನ ತಪ್ಪಬಾರದು, ಫೋನು ಎತ್ತದೆ ಇರಬಾರದು. ಅದರಲ್ಲಿ ನಾನು ನಿನ್ನ ಪರವಾಗಿ ಮಾತಾಡುವವನಲ್ಲ.

ದರ ಹೇಳಿದರೆ ಸಾಲದು, ಹಣ ಕೈಗೆ ಬರಬೇಕು. ಅದಕ್ಕೆ ಸಣ್ಣ ಉದ್ಯಮಗಳಿಗೆಂದು ಸರಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಿಸಿಕೊ, ಖರ್ಚಿಲ್ಲ. ಸಣ್ಣ ಉದ್ಯಮಗಳ ಬಾಕಿಯನ್ನು ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕೆಂದು 2006ರ ಕಾನೂನಿದೆ. ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಇದ್ದರೆ ಕಂಪನಿಗಳು ಬೇಗ ಎಚ್ಚೆತ್ತುಕೊಳ್ಳುತ್ತವೆ.

ದರ ಏರಿಸಿದಾಗ ಒಬ್ಬಿಬ್ಬರು ಬಿಟ್ಟುಹೋಗುತ್ತಾರೆ. ಹೋಗಲಿ, ಮನಸ್ಸು ಕಹಿ ಮಾಡಿಕೊಳ್ಳಬೇಡ. ಅವರನ್ನು ಈಗಷ್ಟೇ ಕೆಲಸ ಶುರುಮಾಡಿದ ಯಾವುದಾದರೂ ಹುಡುಗಿಗೋ ಹುಡುಗನಿಗೋ ಪರಿಚಯ ಮಾಡಿಕೊಡು. ಮಾಡಿಕೊಡುವಾಗ ನೀನು ಅವರಿಂದ ಎಷ್ಟು ತೆಗೆದುಕೊಳ್ಳುತ್ತಿದ್ದೆ, ಈಗ ಎಷ್ಟು ಕೇಳಿದೆ ಎಂಬುದನ್ನೂ ಆ ಮಗುವಿಗೆ ಹೇಳಿಬಿಡು.