ಹಿಂಗಾರದಿಂದ ಸಸಿ

ನೇತ್ರಾವತಿಯ ತೀರದಲ್ಲಿರುವ ಪಾಣೆಮಂಗಳೂರಿನ ಸುತ್ತ ಅಡಕೆ ತೋಟಗಳು ಹಬ್ಬಿವೆ. ಅಡಕೆಯನ್ನು ಅಂಗಳದಲ್ಲಿ ಒಣಗಿಸುವುದು, ಸುಲಿಯುವುದು, ಆರಿಸುವುದು ಬಹುಕಾಲದಿಂದ ಹೆಚ್ಚಾಗಿ ಹೆಂಗಸರ ಕೈಗೆ ಸೇರಿದ ಕೆಲಸ. ಆದರೆ ತೋಟಕ್ಕೆ ಎಂತಹ ಸಸಿ ಬೇಕು, ರೋಗಕ್ಕೆ ಏನು ಪರಿಹಾರ ಎಂದು ನಿರ್ಣಯಿಸುವಲ್ಲಿ ಅವರ ದನಿ ಕೇಳಿಬರುತ್ತಿದ್ದುದು ವಿರಳ.

ಇದೇ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಕೆ ಸಂಶೋಧನಾ ಕೇಂದ್ರವು ಸ್ಥಾಪನೆಗೊಂಡಿತು. 1970ರಲ್ಲಿ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ರೂಪುಗೊಂಡಾಗ ವಿಟ್ಲದ ಕೇಂದ್ರವು ಅದರ ಅಂಗವಾಯಿತು. ಡಾ. ಅನಿತಾ ಕರುಣ್ ಈ ಸಂಸ್ಥೆಯಲ್ಲಿ ದುಡಿದ ವಿಜ್ಞಾನಿ.

ಅಡಕೆ ಮರಕ್ಕೆ ಇರುವುದು ಒಂದೇ ಸುಳಿ. ಕಸಿ ಕಟ್ಟಲು ಕೊಂಬೆಯಿಲ್ಲ. ಬುಡದಲ್ಲಿ ಮರಿ ಮೂಡುವುದಿಲ್ಲ. ಬೀಜದಿಂದಲೇ ಸಸಿಯಾಗಬೇಕು. ಬೇರೆ ಮರಗಳ ಪರಾಗ ಬಂದು ಸೇರುವುದರಿಂದ ಆ ಸಸಿಯಲ್ಲಿ ತಾಯಿಮರದ ಗುಣವೆಲ್ಲ ಉಳಿದೀತೆಂಬ ಭರವಸೆಯಿಲ್ಲ. ಸುಳ್ಯದ ಕಡೆಯ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಸೊರಗಿದ ತೋಟದ ನಡುವೆ ಒಂದು ಮರ ಹಸಿರಾಗಿ ನಿಂತರೂ ಅದರ ಗುಣವನ್ನು ಹಾಗೆಯೇ ಹೊಸ ಸಸಿಗೆ ದಾಟಿಸುವುದು ಹೇಗೆ?

ಅನಿತಾ ಕರುಣ್ ಮತ್ತು ಅವರ ಸಂಗಡಿಗರು ಈ ದಾರಿಯನ್ನು ಪ್ರಯೋಗಶಾಲೆಯಲ್ಲಿ ಹುಡುಕಿದರು. ಸುಳಿಯನ್ನು ಕತ್ತರಿಸಿದರೆ ಮರವೇ ಸಾಯುತ್ತದೆ. ಎಳೆಯ ಹಿಂಗಾರವನ್ನು ತೆಗೆದರೆ ಮರ ಉಳಿಯುತ್ತದೆ. ಎಲೆಯ ಮತ್ತು ಎಳೆಯ ಹಿಂಗಾರದ ಚೂರುಗಳನ್ನು ಪೋಷಕ ಮಾಧ್ಯಮದಲ್ಲಿ ಇರಿಸಿ, ಅವುಗಳಿಂದ ಭ್ರೂಣಗಳನ್ನೂ ಭ್ರೂಣಗಳಿಂದ ಸಸಿಗಳನ್ನೂ ಅವರು ಪಡೆದರು. ಅಂಗಾಂಶ ಕೃಷಿಯ ಈ ವಿಧಾನವು 2004ರಲ್ಲಿ ಪ್ರಕಟವಾಯಿತು. ಇಂತಹ ಸಸಿಗಳು ರೋಗವನ್ನು ತಾಳುವುವೇ ಎಂಬುದನ್ನು ಮಾತ್ರ ತೋಟದಲ್ಲಿ ವರ್ಷಗಟ್ಟಲೆ ಬೆಳೆಸಿಯೇ ಅರಿಯಬೇಕು.

ಮುಂದೆ ಅನಿತಾ ಕರುಣ್ ಅದೇ ಸಂಸ್ಥೆಯ ನಿರ್ದೇಶಕಿಯ ಹೊಣೆಯನ್ನು ಹೊತ್ತರು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿಯೂ ಇಂತಹ ನಿದರ್ಶನವಿದೆ. 2018ರಲ್ಲಿ ಹೊರನಾಡಿನ ಸೈನಿಕ ಹುಳು ಕರ್ನಾಟಕದ ಮುಸುಕಿನ ಜೋಳಕ್ಕೆ ಬಿದ್ದಾಗ ಆ ಸಂಸ್ಥೆಯನ್ನು ಮುನ್ನಡೆಸುತ್ತಿದ್ದವರು ಡಾ. ಚಂದೀಶ್ ಬಲ್ಲಾಳ್. ಪೀಡೆಗಳನ್ನು ತಿಂದು ಪೈರನ್ನು ಕಾಯುವ ಮಿತ್ರಕೀಟಗಳನ್ನು ಸಾಕುವುದು ಅವರ ಅಧ್ಯಯನದ ವಿಷಯ.

ಯಾವ ಪ್ರಶ್ನೆಗೆ ಹಣ, ಕಾಲ ಮತ್ತು ಶ್ರಮ ಸಲ್ಲಬೇಕೆಂಬುದನ್ನು ನಿರ್ಧರಿಸುವಲ್ಲಿ ಸಂಸ್ಥೆಯ ಮುಖ್ಯಸ್ಥರ ಮಾತಿಗೆ ತೂಕವಿದೆ. ಅಂಗಳದಲ್ಲಿ ಅಡಕೆ ಸುಲಿಯುವ ತಾಯಿಯ ಮಗಳೂ ಓದಿ ಆ ಸ್ಥಾನಕ್ಕೆ ಏರಬಹುದು. ಆಗ ತೋಟದ ಕಷ್ಟವೇ ಪ್ರಯೋಗಶಾಲೆಯ ಪ್ರಶ್ನೆಯಾದೀತು.

ಅಭ್ಯಾಸ
1. ಅಡಕೆಯನ್ನು ಕಸಿಯಿಂದ ವೃದ್ಧಿಪಡಿಸಲು ಏಕೆ ಸಾಧ್ಯವಿಲ್ಲ?
2. ಪ್ರಯೋಗಕ್ಕೆ ಸುಳಿಗಿಂತ ಹಿಂಗಾರವು ಏಕೆ ಅನುಕೂಲ?