ಐದು ತಾಲ್ಲೂಕುಗಳ ಜಾತ್ರೆ ಮತ್ತು ಪೇಟೆ

ನಮ್ಮ ಲೆಕ್ಕಪತ್ರದ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪೇಟೆಗೆ ಇನ್ನೊಂದು ವರ್ಷವೂ ಉಂಟು. ಅದು ಭಾರತ ಹುಣ್ಣಿಮೆಯ ಸುಮಾರಿಗೆ ಮೊದಲಾಗಿ ವೈಶಾಖದವರೆಗೆ ನಡೆಯುತ್ತದೆ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಪ್ರದೇಶದ ಪಶ್ಚಿಮದಂಚಿನಲ್ಲಿ ತುಂಗಭದ್ರೆ ಹರಿದರೂ ಒಳನಾಡು ಬಹುಮಟ್ಟಿಗೆ ಕಲ್ಲುಗುಡ್ಡಗಳ, ಮಳೆಯಾಶ್ರಿತ ಹೊಲಗಳ ಸೀಮೆ. ಜೋಳ, ಮೆಕ್ಕೆಜೋಳ, ಶೇಂಗಾಗಳ ಸುಗ್ಗಿ ಮುಗಿದು ರೈತನ ಕೈಗೆ ಹಣ ಬಂದು, ಮುಂಗಾರು ಬಿತ್ತನೆಗೆ ಬಿಡುವಿರುವ ತಿಂಗಳುಗಳಲ್ಲಿಯೇ ಇಲ್ಲಿನ ದೊಡ್ಡ ಜಾತ್ರೆಗಳು ಬರುತ್ತವೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ವ್ಯಾಪಾರಸ್ಥರೂ ಕಿವಿಗೊಟ್ಟು ಕೇಳುತ್ತಾರೆ. ನುಡಿ ಒಂದೇ ವಾಕ್ಯ. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಅದರಲ್ಲಿ ಅರ್ಥ ಹುಡುಕಲಾಗುತ್ತದೆ. ಭಕ್ತಿಯಿಂದ ಕೇಳುವುದು ಸರಿಯೇ, ಆದರೆ ಆ ವೇಳೆಗೆ ನಮ್ಮ ಸರಕು ಬಂದಿಳಿದಾಗಿರುತ್ತದೆ! ಹಿಂದೆ ಕುಟುಂಬಗಳು ಎತ್ತಿನ ಗಾಡಿಗಳಲ್ಲಿ ಬಂದು ಬೀಡುಬಿಟ್ಟು, ಹಗ್ಗ, ಗಂಟೆ, ಕಂಬಳಿ, ಪಾತ್ರೆಗಳನ್ನು ಗಾಡಿಗೇರಿಸಿಕೊಂಡು ಮರಳುತ್ತಿದ್ದವು. ಗಾಡಿಗಳು ಈಗಲೂ ಬರುತ್ತವೆ. ಆದರೆ ಬಸ್ಸಿನಲ್ಲಿ ಬಂದು ಅಂದೇ ಹಿಂದಿರುಗುವವನು ಕೈಚೀಲದಲ್ಲಿ ಹಿಡಿಯುವುದನ್ನಷ್ಟೇ ಕೊಳ್ಳುತ್ತಾನೆ. ಕೊಟ್ಟೂರೇಶ್ವರನ ರಥೋತ್ಸವಕ್ಕೆ ಪಾದಯಾತ್ರೆಯಲ್ಲಿ ಬರುವವರಿಗೂ, ಉಚ್ಚಂಗಿದುರ್ಗದ ಬೆಟ್ಟವೇರಿ ಉಚ್ಚಂಗೆಮ್ಮನ ದರ್ಶನ ಪಡೆಯುವವರಿಗೂ ಈ ಮಾತು ಅನ್ವಯಿಸುತ್ತದೆ. ಸಣ್ಣ ತಯಾರಕರು ಹಗುರವಾದ, ಚಿಕ್ಕ ಪೊಟ್ಟಣದ ಸರಕಿನತ್ತ ಗಮನಹರಿಸಬೇಕು.

ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇಗುಲದ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕ ನಡೆಯುತ್ತದೆ. ಎಣ್ಣೆ ವ್ಯಾಪಾರಿಗೆ ಅದು ನಿಶ್ಚಿತ ಬೇಡಿಕೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಸಂಗತಿ ಬೇರೆ. ಅದು ಮರುದಿನಕ್ಕೆ ಉಳಿಯುವ ಸರಕಲ್ಲ.

ಹೊಲವನ್ನೂ ಜಾತ್ರೆಯ ಪೇಟೆಯನ್ನೂ ನಡೆಸುವುದು ಒಂದೇ ಮಳೆ, ಅಪಾಯವಿರುವುದು ಇಲ್ಲಿಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿಯೂ ಹರಕೆ ಹೊತ್ತವರು ಬಂದೇ ಬರುತ್ತಾರೆ, ಕುಗ್ಗುವುದು ಖರೀದಿ. ಜನಸಂದಣಿಯನ್ನು ನಂಬಿ ಬಡ್ಡಿಗೆ ಹಣ ತಂದು ಅಂಗಡಿ ತುಂಬಿದವನು ಮಳೆಗಾಲದವರೆಗೂ ಅದೇ ಸರಕನ್ನು ಕಾಯಬೇಕಾದೀತು. ಆದುದರಿಂದ ಡಿಸೆಂಬರ್ ವೇಳೆಗೆ ಕೃಷಿ ಮಾರುಕಟ್ಟೆಗಳಲ್ಲಿನ ಮೆಕ್ಕೆಜೋಳ, ಶೇಂಗಾಗಳ ಆವಕವನ್ನೂ ಧಾರಣೆಯನ್ನೂ ನೋಡಿ ಬೇಡಿಕೆ ಸಲ್ಲಿಸುವುದು ಕ್ಷೇಮ. ಮಾರಾಟವಾಗದ ಸರಕನ್ನು ಹಿಂಪಡೆಯುವ ಕರಾರನ್ನು ಸಗಟು ವ್ಯಾಪಾರಿಗಳೊಡನೆ ಆಗಲೇ ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು.